ಸೀಮೆಸುಣ್ಣದ ಗೆರೆಯಾಚೆಯ ಪಾದ

ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಹೆಚ್ಚಿನವನ್ನು ಕೆಡವಿದ್ದು ಜರ್ಮನಿಯ ಬಾಂಬುಗಳಲ್ಲ, ಅವುಗಳ ಮಾಲೀಕರು. ಯುದ್ಧ ಮುಗಿದ ಮೇಲಿನ ಹತ್ತು ಹನ್ನೆರಡು ವರ್ಷಗಳಲ್ಲಿ ಅಂಥ ನೂರಾರು ಮನೆಗಳು ಕಾಗದಕ್ಕೆ ರುಜು ಬಿದ್ದು, ಹರಾಜು ಕೂಗಿ, ಚಾವಣಿ ಕಿತ್ತು ನೆಲಸಮವಾದವು. ಇದು ನಿಮಗೆಲ್ಲ ಗೊತ್ತಿರಬೇಕಾದ ಸಂಗತಿ. ಆದರೂ ಭಾನುವಾರದ ಪತ್ರಿಕೆಯಲ್ಲಿ ಕಾಲ ನುಂಗಿದ ಅರಮನೆಗಳು ಎಂಬ ತಲೆಬರಹ ಕಂಡರೆ ನಿಟ್ಟುಸಿರು ಬಿಟ್ಟು ಪುಟ ಮಗುಚುತ್ತೀರಿ. ಕಾಲಕ್ಕೆ ಹಲ್ಲಿಲ್ಲ. ನುಂಗಿದವರಿಗೆ ಹೆಸರಿದೆ, ವಿಳಾಸವಿದೆ.

ಇವತ್ತು ನಾನು ಬರೆಯುತ್ತಿರುವುದು ಅವರ ಬಗ್ಗೆಯಲ್ಲ. ಈ ಫೆಬ್ರವರಿಯಲ್ಲಿ ಲಿಂಕನ್‌ಶೈರಿನ ನಮ್ಮ ಮಾರ್ಲ್‌ಬಿ ಹಳ್ಳಿಯಲ್ಲಿ ತೀರಿಕೊಂಡ ಈನಿಡ್ ಗ್ರಮಿಟ್ ಅವರ ಬಗ್ಗೆ. ಜೀವಮಾನವಿಡೀ ಬೇರೆಯವರ ಬಟ್ಟೆ ಒಗೆದವರು. ಎಪ್ಪತ್ತೊಂದು ವರ್ಷ ಬದುಕಿ, ತಮಗೆಂದು ಅವರು ಬಯಸಿದ್ದು ಒಂದೇ ಒಂದು ವಸ್ತು: ಮೊಳದುದ್ದದ ಸೀಸದ ತಗಡು. ಅದರ ಮೇಲೆ ಅವರ ಗಂಡನ ಬೂಟಿನ ಗುರುತಿತ್ತು. ಅದು ಅವರಿಗೆ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂಬುದನ್ನು ಅವರದೇ ಅಡುಗೆಮನೆಯಲ್ಲಿ ಕೂತು, ಅವರು ಕೊಟ್ಟ ಚಹಾ ಕುಡಿಯುತ್ತ, ಎರಡು ಚಳಿಗಾಲ ಕೇಳಿದ್ದೇನೆ.

ತಗಡು ಇದ್ದದ್ದು ಮಾರ್ಲ್‌ಬಿ ಹೌಸಿನ ಚಾವಣಿಯ ಮೇಲೆ. ಹಳ್ಳಿಯವರು ಅದನ್ನು ದೊಡ್ಡಮನೆ ಅನ್ನುತ್ತಿದ್ದರು. ಮುಂದಿನಿಂದ ನೋಡಿದರೆ ಬಿಳಿ ಕಲ್ಲು, ಹನ್ನೊಂದು ಕಿಟಕಿಗಳ ಸಾಲು, ನಾಲ್ಕು ಕಂಬ. ಹಿಂದಿನಿಂದ ನೋಡಿದರೆ ಕೆಂಪು ಇಟ್ಟಿಗೆ, ವಕ್ರವಕ್ರ ಹೊಗೆಗೂಡುಗಳು. ಒಂದೇ ಮನೆ ಅಂತ ಹೇಳಲು ಧೈರ್ಯ ಬೇಕು. ಇಟ್ಟಿಗೆಯ ಭಾಗವನ್ನು 1594ರಲ್ಲಿ ಕಟ್ಟಿಸಿದವನು ಹ್ಯಾಲ್ಡನ್ ಎಂಬ ಉಣ್ಣೆ ವ್ಯಾಪಾರಿ. ಜಾಗ ಅದಕ್ಕೂ ಮುಂಚೆ ಮಠದ್ದು. ರಾಜ ಮಠವನ್ನು ಕಿತ್ತುಕೊಂಡ, ರಾಜನ ಕಡೆಯವನೊಬ್ಬ ಅದನ್ನು ಮಾರಿಕೊಂಡ, ಹ್ಯಾಲ್ಡನ್ ಕೊಂಡುಕೊಂಡ. ನೂರಿಪ್ಪತ್ತೇಳು ವರ್ಷದ ಮೇಲೆ ಅವನ ವಂಶದವನೊಬ್ಬ ಇಟ್ಟಿಗೆ ಕಂಡು ನಾಚಿಕೆಪಟ್ಟು ಮುಂದೆ ಕಲ್ಲಿನ ಮುಖ ಕಟ್ಟಿಸಿದ. ಹನ್ನೊಂದು ಕಿಟಕಿಗಳಲ್ಲಿ ಎರಡು ಸುಳ್ಳು. ಸಾಲು ಸಮ ಕಾಣಲೆಂದು ಗೋಡೆಯ ಮೇಲೆ ಬಳಿದ ಬಣ್ಣ. ಅವುಗಳ ಹಿಂದೆ ಇದ್ದದ್ದು ಕೆಲಸದ ಹುಡುಗಿಯರು ಹತ್ತಿಳಿಯುವ ಮೆಟ್ಟಿಲು. ಹಗಲಲ್ಲೂ ಅಲ್ಲಿ ಕತ್ತಲೆ.

ಆಮೇಲೆ ಆ ವಂಶದಲ್ಲಿ ಜೂಜುಕೋರನೊಬ್ಬ ಹುಟ್ಟಿದ. ಮನೆ ಸಕ್ಕರೆಯವನ ಪಾಲಾಯಿತು, ಅಂದರೆ ಸಮುದ್ರದಾಚೆಯ ದ್ವೀಪಗಳಲ್ಲಿ ಗುಲಾಮರ ಬೆನ್ನಿನ ಮೇಲೆ ಕಬ್ಬು ಬೆಳೆಸಿದವನ ಪಾಲು. ಅವನು ಮನೆಯನ್ನೂ ಕೊಂಡ, ಮನೆಯ ಮಗಳನ್ನೂ ಮದುವೆಯಾದ, ಕೊನೆಗೆ ಹ್ಯಾಲ್ಡನ್ ಎಂಬ ಹೆಸರನ್ನೂ ತನ್ನದು ಮಾಡಿಕೊಂಡ. ಪೂರ್ವದ ಕಡೆಯ ನೃತ್ಯಶಾಲೆ ಅವನದ್ದು. ಅವನ ಮೊಮ್ಮಗ ಬಿಯರ್ ಕಾಯಿಸುವವನ ಮಗಳನ್ನು ತಂದ. ನೀರಿನ ಗೋಪುರ, ಗಾಜಿನ ಮನೆ ಅವಳ ತವರಿನ ದುಡ್ಡು. ಮಾರ್ಗದರ್ಶಿ ಪುಸ್ತಕದಲ್ಲಿ ಇದಕ್ಕೆಲ್ಲ "ಮುನ್ನೂರೈವತ್ತು ವರ್ಷ ಒಂದೇ ಮನೆತನದ ಕೈಯಲ್ಲಿ" ಎಂದು ಬರೆದಿದೆ.

ಈ ಸುಳ್ಳು ನೆಲದ ಮೇಲೆ ನಿಂತವರಿಗೆ ಗೊತ್ತಾಗುತ್ತಿರಲಿಲ್ಲ. ಚಾವಣಿ ಹತ್ತಿದವರಿಗೆ ಗೊತ್ತಾಗುತ್ತಿತ್ತು. ಇಟ್ಟಿಗೆಯ ಮನೆಗೆ ಕಲ್ಲಿನ ಮನೆ ಸೇರುವ ಕಡೆ, ಕಲ್ಲಿಗೆ ನೃತ್ಯಶಾಲೆ ಸೇರುವ ಕಡೆ, ಮಾಲೀಕ ಬದಲಾದ ಪ್ರತಿಯೊಂದು ಸಂದಿನಲ್ಲೂ ನೀರು ಸೋರುತ್ತಿತ್ತು. ಆ ಸಂದುಗಳಿಗೆ ಸೀಸದ ತಗಡು ಹೊದಿಸಿ, ಮರದ ಕೊಡತಿಯಿಂದ ತಟ್ಟಿ ತಟ್ಟಿ ಕೂರಿಸಿ, ವರ್ಷವಿಡೀ ಕಾಯುವುದಕ್ಕೆ ಒಬ್ಬ ಆಳು ಬೇಕು. 1908ರಿಂದ ಆ ಆಳು ಜೆಸ್ಸಿ ಗ್ರಮಿಟ್. ಅವನಿಗಿಂತ ಮುಂಚೆ ಅವನ ದೊಡ್ಡಪ್ಪ.

ಈನಿಡ್ ಹದಿಮೂರನೇ ವಯಸ್ಸಿಗೆ ದೊಡ್ಡಮನೆಯ ಒಗೆಯುವ ಮನೆ ಸೇರಿದರು. ಅಪ್ಪ ಜೌಗಿನಲ್ಲಿ ಕಾಲುವೆ ತೋಡುವವನು, ಮನೆಯಲ್ಲಿ ಏಳು ಮಕ್ಕಳು. ಸೋಮವಾರ ನೆನೆಸುವುದು, ಮಂಗಳವಾರ ಒಗೆಯುವುದು, ನೀಲಿ ಅದ್ದುವುದು, ಗಂಜಿ ಹಾಕುವುದು, ಹಿಂಡುವುದು, ಹಿಂದಿನ ಹುಲ್ಲುಹಾಸಿನಲ್ಲಿ ಅರವತ್ತು ಎಪ್ಪತ್ತು ಹಾಸುಬಟ್ಟೆಗಳನ್ನು ಹರವುವುದು. ನಮ್ಮ ಕಡೆಯ ಮಳೆ ಹೇಳಿಕೇಳಿ ಬರುವುದಿಲ್ಲ. ಸಮುದ್ರದ ಕಡೆಯಿಂದ ಸದ್ದಿಲ್ಲದೆ ಬಂದು ನೆತ್ತಿಯ ಮೇಲೆ ನಿಂತಿರುತ್ತದೆ. ಆದರೆ ಚಾವಣಿಯ ಮೇಲಿದ್ದವನಿಗೆ ಅದು ಅರ್ಧ ಗಂಟೆ ಮೊದಲೇ ಕಾಣುತ್ತದೆ. ಜೆಸ್ಸಿ ಮಳೆನೀರಿನ ಕೊಳವೆಯ ಬಾಯಿಗೆ ಕೊಡತಿಯಿಂದ ಮೂರು ಸಲ ಬಡಿಯುತ್ತಿದ್ದ. ಸದ್ದು ಕೊಳವೆಯೊಳಗೇ ಇಳಿದು ಒಗೆಯುವ ಮನೆಯ ಬಾಗಿಲಲ್ಲಿ ಬಂದು ಬೀಳುತ್ತಿತ್ತು. ಹೆಂಗಸರೆಲ್ಲ ಓಡಿಹೋಗಿ ಬಟ್ಟೆ ಎಳೆದುಕೊಳ್ಳುವರು.

1910ರ ಜೂನಿನ ಒಂದು ದಿನ ಮೂರು ಬಡಿತ ಕೇಳಿಸಿತು. ಎಲ್ಲ ಬಟ್ಟೆ ಒಳಗೆ ಬಂತು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಂದು ತುಂಡು ಮೋಡವಿಲ್ಲ. ಒಗೆಯುವ ಮನೆಯ ಯಜಮಾನಿ ಮಿಸೆಸ್ ಟಾಸ್ಕರ್ ಸೊಂಟಕ್ಕೆ ಕೈ ಕೊಟ್ಟು ಅಂಗಳದಲ್ಲಿ ನಿಂತಳು.

"ಏನೋ ಗ್ರಮಿಟ್, ಕಣ್ಣಿಗೆ ಪೊರೆ ಬಂದಿದೆಯೇನೋ? ಎಲ್ಲೋ ಮಳೆ?"

ಮೇಲಿನಿಂದ ಉತ್ತರ ಬಂತು. "ಬರೋ ಹಂಗಿತ್ತು ಮೇಡಂ. ಮನಸ್ಸು ಬದಲಾಯಿಸ್ಕೊಂಡಂಗಿದೆ."

"ನಿನ್ನ ಮನಸ್ಸು ಎಲ್ಲಿದೆ ಅಂತ ನಂಗೊತ್ತು. ಅದಕ್ಕೆ ಎಪ್ಪತ್ತು ಹಾಸುಬಟ್ಟೆ ಯಾಕೋ ಎಳೆಸ್ತೀಯ? ಕೆಳಗಿಳಿದು ಬಂದು ಮಾತಾಡ್ಸೋ ಧೈರ್ಯ ಇಲ್ವಾ?"

ಹೆಂಗಸರೆಲ್ಲ ಈನಿಡರನ್ನು ನೋಡಿ ನಕ್ಕರು. "ನಾನು ಮಾತ್ರ ತಲೆ ಎತ್ತಲಿಲ್ಲ," ಎಂದು ಐವತ್ತು ವರ್ಷದ ಮೇಲೆ ನನಗೆ ಹೇಳಿದರು. "ಎತ್ತಿದ್ರೆ ಕೆಲಸ ಹೋಗ್ತಿತ್ತು. ಆದ್ರೆ ಬಟ್ಟೆ ಮತ್ತೆ ಹರವೋವಾಗ, ಹಾಸುಬಟ್ಟೆ ಸಂದೀಲಿ ನೋಡ್ದೆ."

1912ರಲ್ಲಿ ಮದುವೆಯಾಯಿತು. ಎಸ್ಟೇಟಿನವರು ಚರ್ಚಿನ ಹಿಂದಿನ ಎರಡು ಕೋಣೆಯ ಮನೆ ಕೊಟ್ಟರು. ಈನಿಡ್ ಕೆಲಸಕ್ಕೆ ದಿನಾ ಹೋಗಿ ಬರುತ್ತಿದ್ದರು.

ಚಾವಣಿಯ ಕೆಲಸದವರಲ್ಲಿ ಒಂದು ಪದ್ಧತಿ. ದೊಡ್ಡ ತಗಡೊಂದನ್ನು ಹೊದಿಸಿ ಮುಗಿಸಿದ ದಿನ, ಮಾಡಿದವನು ತನ್ನ ಬೂಟನ್ನು ಅದರ ಮೇಲಿಟ್ಟು ಸುತ್ತ ಉಳಿಯ ಮೊನೆಯಿಂದ ಗೆರೆ ಕೊರೆಯುತ್ತಾನೆ. ಒಳಗೆ ಹೆಸರಿನ ಎರಡಕ್ಷರ, ವರ್ಷ. ಸೀಸ ಮೃದು, ಕೊರೆದದ್ದು ಇನ್ನೂರು ವರ್ಷ ನಿಲ್ಲುತ್ತದೆ. ಮಾರ್ಲ್‌ಬಿಯ ಚಾವಣಿಯ ಮೇಲೆ 1721ರಿಂದ ಹಿಡಿದು ನಲವತ್ತಕ್ಕೂ ಮಿಕ್ಕಿ ಪಾದಗಳಿದ್ದವಂತೆ. ಹಳೆಯ ತಗಡು ಸವೆದು ಕರಗಿಸಬೇಕಾಗಿ ಬಂದರೆ, ಪಾದವಿರುವ ತುಂಡನ್ನು ಕತ್ತರಿಸಿ ಹೊಸದಕ್ಕೆ ಬೆಸೆಯುತ್ತಿದ್ದರು. ಒಬ್ಬನ ಪಾದವನ್ನು ಇನ್ನೊಬ್ಬ ಕರಗಿಸುವಂತಿಲ್ಲ. ಯಾವ ಮಾಲೀಕನೂ ಮಾಡಿದ ಕಾನೂನಲ್ಲ ಅದು. ಮಾಲೀಕರಿಗೆ ಗೊತ್ತೂ ಇರಲಿಲ್ಲ.

ದೊರೆಗಳಿಗೆ ಇದರಲ್ಲಿ ಇದ್ದ ಪಾಲು ಒಂದೇ. ಮನೆಯ ವಾರಸುದಾರನಿಗೆ ಇಪ್ಪತ್ತೊಂದು ತುಂಬಿದ ದಿನ ಅವನನ್ನು ಮೇಲೆ ಕರೆದುಕೊಂಡು ಹೋಗಿ ಅವನ ಪಾದವನ್ನೂ ಕೊರೆಯುತ್ತಿದ್ದರು. 1913ರ ಮೇ ತಿಂಗಳಲ್ಲಿ ಚಿಕ್ಕ ದೊರೆ ಜೆರಾರ್ಡ್ ಹ್ಯಾಲ್ಡನನ ಸರದಿ. ಕೊರೆದವನು ಜೆಸ್ಸಿ. ಆ ಸಂಜೆ ಊಟಕ್ಕೆ ಕೂತಾಗ ಅವನು ಹೆಂಡತಿಗೆ ಹೇಳಿದ್ದನ್ನು ಈನಿಡ್ ನನಗೆ ಮಾತು ಬಿಡದೆ ಒಪ್ಪಿಸಿದರು.

"ಏನೇ, ಇವತ್ತು ದೊರೆ ಪಕ್ಕ ನಿಂತ್ಕೊಂಡೆ ಕಣೇ."

"ದಿನಾ ನಿಲ್ತೀಯಲ್ಲ, ಟೋಪಿ ತೆಗೆದು."

"ಹಂಗಲ್ಲ. ಅವರ ಬಲಗಾಲು ಕೊರೆದೆ. ಎದ್ದು ನಿಂತೆ. ಅವರೇ ಅಂದ್ರು, ಗ್ರಮಿಟ್, ನಿನ್ನದೂ ಇಡೋ ಪಕ್ಕದಲ್ಲಿ, ಒಬ್ಬನೇ ಇದ್ರೆ ಚಳಿಯಾಗುತ್ತೆ ಅಂತ. ನನ್ನ ಎಡಗಾಲು ಇಟ್ಟೆ. ಒಂದೇ ತಗಡು, ಮಧ್ಯ ಎರಡು ಬೆರಳು ಜಾಗ ಅಷ್ಟೆ."

"ಅವರ ಬೂಟು ಹೊಸದಿರ್ಬೇಕು."

"ಕನ್ನಡಿ. ನಂದು ಗೊತ್ತಲ್ಲ, ಬೇಯಿಸಿದ ಆಲೂಗಡ್ಡೆ ಥರ." ಇಬ್ಬರೂ ನಕ್ಕರಂತೆ.

1915ರಲ್ಲಿ ಇಬ್ಬರೂ ಒಂದೇ ಪಡೆಯಲ್ಲಿ ಫ್ರಾನ್ಸಿಗೆ ಹೋದರು. ಜೆರಾರ್ಡ್ ಅಧಿಕಾರಿ, ಜೆಸ್ಸಿ ಸಿಪಾಯಿ. ಮರುವರ್ಷದ ಸೆಪ್ಟೆಂಬರಿನಲ್ಲಿ ಜೆಸ್ಸಿ ಕಾಣೆಯಾದ. ದೇಹ ಸಿಗಲಿಲ್ಲ, ಆದ್ದರಿಂದ ಗೋರಿಯೂ ಇಲ್ಲ. ಫ್ರಾನ್ಸಿನಲ್ಲಿ ಒಂದು ದೊಡ್ಡ ಗೋಡೆಯ ಮೇಲೆ ಸಾವಿರಾರು ಹೆಸರುಗಳ ನಡುವೆ ಅವನ ಹೆಸರಿದೆ ಎಂದು ಸರ್ಕಾರದ ಕಾಗದ ಬಂತು. ಹೋಗಿ ನೋಡುವ ಅನುಕೂಲ ಈನಿಡರಿಗೆ ಎಂದೂ ಆಗಲಿಲ್ಲ. ಅವನ ಒಂಟಿ ಫೋಟೋ ಕೂಡ ಇರಲಿಲ್ಲ. ಪಡೆಯವರೆಲ್ಲ ಸಾಲಾಗಿ ನಿಂತು ತೆಗೆಸಿಕೊಂಡ ಒಂದಿತ್ತು. ಒಬ್ಬೊಬ್ಬರ ಮುಖವೂ ಮೆಣಸಿನ ಕಾಳಿನಷ್ಟು. ಎರಡನೇ ಸಾಲಿನ ಐದನೆಯವನು ಅಂತ ಕೆಲವು ವರ್ಷ ನಂಬಿದ್ದರು, ಮೂರನೇ ಸಾಲಿನ ಕೊನೆಯವನು ಅಂತ ಮತ್ತೆ ಕೆಲವು ವರ್ಷ. ಕೊನೆಗೆ ನೋಡುವುದನ್ನೇ ಬಿಟ್ಟರು. ಮಕ್ಕಳಿರಲಿಲ್ಲ.

ಉಳಿದದ್ದು ಚಾವಣಿಯ ಮೇಲಿನ ಪಾದ. ಅದನ್ನು ಒಮ್ಮೆ ಮುಟ್ಟಿ ನೋಡಬೇಕು. ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಚಾವಣಿಗೆ ಹೋಗುವ ಮೆಟ್ಟಿಲು ದೊರೆಗಳು ಮಲಗುವ ಅಂತಸ್ತನ್ನು ಹಾದುಹೋಗುತ್ತಿತ್ತು. ಒಗೆಯುವ ಹೆಂಗಸರು ಅಲ್ಲಿ ಕಾಲಿಡುವಂತಿಲ್ಲ. ಅವರು ಒಗೆದ ಹಾಸುಬಟ್ಟೆ ಅಲ್ಲಿ ಮಲಗಬಹುದು, ಅವರು ಹೋಗಬಾರದು. 1919ರಲ್ಲಿ ಮನೆಯ ಮೇಲ್ವಿಚಾರಕಿಯನ್ನು ಒಮ್ಮೆ ಕೇಳಿದರು.

"ಚಾವಣಿ ಮೇಲೆ ನಿನಗೇನಮ್ಮ ಕೆಲಸ?"

"ನಮ್ಮೆಜಮಾನ್ರ ಗುರುತಿದೆ ಮೇಡಂ. ನೋಡ್ಕೊಂಡು ಬಂದ್ಬಿಡ್ತೀನಿ."

"ಅದು ಸೀಸದ ತಗಡು. ಸ್ಮಶಾನ ಅಲ್ಲ. ಭಾನುವಾರ ಚರ್ಚಿಗೆ ಹೋಗು, ಅಲ್ಲೇ ಪ್ರಾರ್ಥನೆ ಮಾಡ್ಕೋ."

ಇನ್ನೊಂದು ಸಲ ಬಾಗಿಲು ತಾನಾಗಿ ತೆರೆದಿತ್ತು. ಅಪ್ಪ ಸತ್ತು ಜೆರಾರ್ಡ್ ಮಾಲೀಕನಾದ ಮೇಲಿನ ಮೊದಲ ಕ್ರಿಸ್ಮಸ್, 1926. ಕೆಲಸದವರು ಸಾಲಾಗಿ ಬಂದು ದೊರೆಯ ಕೈಯಿಂದ ಒಂದು ತುಂಡು ಮಾಂಸ, ಒಂದು ಮಡಿಕೆ ಬಟ್ಟೆ ಪಡೆಯುವ ದಿನ. ಈನಿಡರ ಸರದಿ ಬಂದಾಗ ಅವನು ತಡೆದು ನಿಂತ. "ಮಿಸೆಸ್ ಗ್ರಮಿಟ್, ನಿಮಗೇನಾದ್ರೂ ಬೇಕಿತ್ತಾ? ಯಾವುದಾದ್ರೂ ಸರಿ, ಹೇಳಿ."

ಈನಿಡ್ ಅಂದರು, "ಏನೂ ಬೇಡ ದೊರೆ. ನಿಮ್ಮ ದಯೆ."

ಅಂಥ ಪ್ರಶ್ನೆಗೆ ಅದೊಂದೇ ಉತ್ತರ. ಹದಿಮೂರನೇ ವಯಸ್ಸಿಗೆ ಮೊದಲ ದಿನವೇ ಕಲಿಸುತ್ತಾರೆ: ಕೇಳಿದರೆ ಮಾತ್ರ ಉತ್ತರ ಕೊಡು, ಕೇಳಿದಷ್ಟಕ್ಕೆ ಕೊಡು, ಮೊದಲು ದೊರೆಗಳ ವಿಷಯ ಹೇಳು, ನಿನ್ನ ವಿಷಯ ಕೇಳಿದರೆ ಆಮೇಲೆ. ಇದನ್ನು ವಿನಯ ಎಂದು ಹೊಗಳಿ ಬರೆದವರನ್ನು ನಾನು ಓದಿದ್ದೇನೆ. ನಾಲಗೆಗೆ ಹಾಕಿದ ಬೀಗಕ್ಕೆ ವಿನಯ ಎಂದು ಹೆಸರಿಡುವವರು ಯಾವತ್ತೂ ಬೀಗದ ಕೈ ಇರುವವರೇ.

ಎರಡನೇ ಯುದ್ಧದಲ್ಲಿ ಸೈನ್ಯ ಮನೆಯನ್ನು ವಶಕ್ಕೆ ತೆಗೆದುಕೊಂಡಿತು. ಹುಡುಗರು ಚಾವಣಿಯ ಮೇಲೆ ಅಂಗಿ ಬಿಚ್ಚಿ ಬಿಸಿಲು ಕಾಯಿಸುತ್ತಿದ್ದುದು ಹುಲ್ಲುಹಾಸಿಗೆ ಕಾಣುತ್ತಿತ್ತು. ಯಾರೋ ಯಾವುದೋ ಊರಿನವರು ಹತ್ತಬಹುದು, ಈನಿಡ್ ಹತ್ತಬಾರದು. 1949ರಲ್ಲಿ ಜೆರಾರ್ಡ್ ಮಕ್ಕಳಿಲ್ಲದೆ ಸತ್ತ. ಆಸ್ತಿ ಕೀನ್ಯಾದಲ್ಲಿದ್ದ ತಂಗಿಯ ಮಗನಿಗೆ ಹೋಯಿತು. ಅವನು ಒಮ್ಮೆ ಬಂದು, ಊಟದ ಕೋಣೆಯಲ್ಲಿ ಬಕೆಟ್ಟುಗಳು ಸಾಲಾಗಿ ನಿಂತಿರುವುದನ್ನು ನೋಡಿ, ಮಾಲೀಕ ಸತ್ತರೆ ಆಸ್ತಿಯ ಮೇಲೆ ಬೀಳುವ ಸಾವಿನ ತೆರಿಗೆಯ ಕಾಗದ ನೋಡಿ, ಮರದ ವ್ಯಾಪಾರಿಯೊಬ್ಬನಿಗೆ ಮಾರಿ ಹಡಗು ಹತ್ತಿದ. ವ್ಯಾಪಾರಿ ಓಕ್ ಮರಗಳನ್ನೆಲ್ಲ ಕಡಿದು, ಮನೆಯನ್ನು ಕೆಡವುವವರಿಗೆ ಕೊಟ್ಟ. 1953ರ ಮಾರ್ಚಿನಲ್ಲಿ ಲಾರಿಗಳು ಬಂದವು. ಮೊದಲು ಹೋಗುವುದು ಚಾವಣಿ, ಏಕೆಂದರೆ ಇಡೀ ಮನೆಯಲ್ಲಿ ಬೆಲೆಬಾಳುವುದು ಸೀಸ. ಅಂಗಳದಲ್ಲೇ ಕಡಾಯಿ ಹೂಡಿ, ಕರಗಿಸಿ, ಗಟ್ಟಿ ಹಾಕಿ ಸಾಗಿಸುತ್ತಾರೆ.

ಕೆಡವುವವರ ಮೇಸ್ತ್ರಿ ಪುಲೆನ್ ಎಂಬ ದಪ್ಪ ಕುತ್ತಿಗೆಯ ಮನುಷ್ಯ, ಪಕ್ಕದ ಜಿಲ್ಲೆಯವನು. ಅರವತ್ತೆರಡು ವರ್ಷದ ಈನಿಡ್ ಟೋಪಿ ಕಟ್ಟಿಕೊಂಡು, ಕೈಚೀಲ ಹಿಡಿದು, ಅಭ್ಯಾಸಬಲದಿಂದ ಹಿಂಬಾಗಿಲಿಗೆ ಹೋಗಿ ನಿಂತರು. ಬಾಗಿಲು ಅಷ್ಟರಲ್ಲಿ ಕಿತ್ತಾಗಿತ್ತು. ಆದರೂ ಇದ್ದ ಚೌಕಟ್ಟನ್ನೇ ತಟ್ಟಿದರು.

ಪುಲೆನ್ ನಕ್ಕುಬಿಟ್ಟ. "ಬನ್ನಿ ತಾಯಿ, ಇಲ್ಲಿ ಬೇಡ ಅನ್ನೋರು ಯಾರೂ ಉಳಿದಿಲ್ಲ. ಏನಾಗ್ಬೇಕಿತ್ತು?"

ಹೇಳಿದರು. ಮೂವತ್ತೇಳು ವರ್ಷದಲ್ಲಿ ಯಾರಿಗೂ ಅಷ್ಟು ಸಲೀಸಾಗಿ ಹೇಳಿರಲಿಲ್ಲ. ಅವನು ದೊರೆಯಲ್ಲವಲ್ಲ.

"ಅಷ್ಟೇನಾ? ಹತ್ತಿ ಮೇಲೆ. ಯಾವುದು ಅಂತ ತೋರ್ಸಿ, ಕತ್ತರಿಸಿ ಕೊಟ್ಬಿಡ್ತೀನಿ. ಮೊಳದುದ್ದ ಸೀಸ ಹೋದ್ರೆ ನಮ್ಮ ಧಣಿ ಏನು ಉಪವಾಸ ಬೀಳಲ್ಲ."

ಮಲಗುವ ಅಂತಸ್ತಿನಲ್ಲಿ ನೆಲದ ಹಲಗೆ ಎದ್ದಿತ್ತು. ಪುಲೆನ್ ಕೈಹಿಡಿದು ತೊಲೆಯಿಂದ ತೊಲೆಗೆ ದಾಟಿಸಿದ. ಮೇಲೆ ಬಂದು ನೋಡಿದರೆ ನೀರಿನ ಗೋಪುರದ ಬುಡದಲ್ಲಿ, ಕಲ್ಲು ಮತ್ತು ನೃತ್ಯಶಾಲೆ ಸೇರುವ ಸಂದಿನ ಪಕ್ಕ, ಅವು ಇದ್ದವು. ಎಡಕ್ಕೆ ದೊರೆಯ ಬಲಗಾಲು, ಕಿರಿದಾಗಿ, ನೀಟಾಗಿ. ಬಲಕ್ಕೆ ಜೆಸ್ಸಿಯ ಎಡಗಾಲು. ಹಿಮ್ಮಡಿಯಲ್ಲಿ ಅವನ ಎರಡಕ್ಷರ, ವರ್ಷ.

"ಕಿರುಬೆರಳ ಹತ್ರ ಬೂಟು ಉಬ್ಬಿತ್ತು," ಎಂದು ಈನಿಡ್ ನನಗೆ ಹೇಳಿದರು. "ಅವನ ಕಿರುಬೆರಳು ಹೊರಗಡೆ ತಿರುಗಿತ್ತು, ಎಂಥ ಬೂಟು ಹಾಕಿದ್ರೂ ವಾರದಲ್ಲಿ ಅಲ್ಲಿ ಉಬ್ಬೋದು. ಅದನ್ನ ಮರ್ತೇಬಿಟ್ಟಿದ್ದೆ ನೋಡು. ಮುಖ ಮರ್ತಿದ್ದೆ, ಅದು ಗೊತ್ತಿತ್ತು. ಬೆರಳು ಮರ್ತಿದ್ದು ಗೊತ್ತೇ ಇರ್ಲಿಲ್ಲ."

ಮಂಡಿಯೂರಿ ಕೂತು ಅದರೊಳಗೆ ಅಂಗೈ ಇಟ್ಟರು. ಪುಲೆನ್ ಬೇರೆ ಕಡೆ ತಿರುಗಿ ಸಿಗರೇಟು ಸುತ್ತಿಕೊಳ್ಳುತ್ತ ನಿಂತ.

ಅಷ್ಟರಲ್ಲಿ ಇನ್ನೊಬ್ಬರು ಹತ್ತಿ ಬಂದರು. ನಮ್ಮ ಪಟ್ಟಣದ ವಸ್ತುಸಂಗ್ರಹಾಲಯದ ಅಧಿಕಾರಿ. ಒಳ್ಳೆಯ ಕೋಟು, ಒಳ್ಳೆಯ ಮಾತು, ಕೈಯಲ್ಲಿ ಟಿಪ್ಪಣಿ ಪುಸ್ತಕ, ಜೇಬಿನಲ್ಲಿ ಧಣಿಯ ಒಪ್ಪಿಗೆ ಪತ್ರ. ಪಾದಗಳ ಸಂಗತಿ ಯಾರಿಂದಲೋ ಕೇಳಿ, ಒಂದನ್ನು ಉಳಿಸಲು ಬಂದಿದ್ದರು. ಕೆಟ್ಟ ಮನುಷ್ಯರಲ್ಲ. ಅದೇ ನನಗೆ ಹೆಚ್ಚು ಉರಿಯುವುದು.

ಈನಿಡ್ ಎದ್ದು ನಿಂತು ಪಕ್ಕಕ್ಕೆ ಸರಿದರು. ಅಧಿಕಾರಿ ತಗಡನ್ನು ನೋಡಿ ಕೇಳಿದರು, "ಇದು ಯಾರ ಪಾದ ಅಂತ ನಿಮಗೇನಾದ್ರೂ ಗೊತ್ತೇನಮ್ಮ? ನೀವು ಈ ಮನೆಯಲ್ಲಿ ಇದ್ದವರಾ?"

"ಐವತ್ತು ವರ್ಷ, ಸಾರ್. ಅದು ಸರ್ ಜೆರಾರ್ಡ್ ಅವರದ್ದು, ಸಾರ್. ಇಪ್ಪತ್ತೊಂದು ತುಂಬಿದ ದಿನದ್ದು. ಹದಿಮೂರನೇ ಇಸವಿ, ಮೇ ತಿಂಗಳು."

"ಭೇಷ್. ಭೇಷ್." ಬರೆದುಕೊಂಡರು. "ತುಂಬಾ ಉಪಕಾರವಾಯ್ತು. ಇದನ್ನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡ್ತೀವಿ. ಮಳೆ ಗಾಳಿ ಏನೂ ತಾಗಲ್ಲ."

ಈನಿಡ್ ಕಾಯ್ದರು. ಮುಂದಿನ ಪ್ರಶ್ನೆ ಬರುತ್ತದೆ, ಪಕ್ಕದ್ದು ಯಾರದಮ್ಮ ಎಂದು ಕೇಳುತ್ತಾರೆ, ಆಗ ಹೇಳಬೇಕು. ಉತ್ತರವನ್ನು ಬಾಯಲ್ಲಿ ಸಿದ್ಧ ಮಾಡಿಕೊಂಡು ನಿಂತಿದ್ದರು: ನಮ್ಮೆಜಮಾನ್ರದ್ದು ಸಾರ್, ಜೆಸ್ಸಿ ಗ್ರಮಿಟ್, ಕೊರೆದಿದ್ದೂ ಅವರೇ. ಅಧಿಕಾರಿ ಪುಸ್ತಕ ಮುಚ್ಚಿದರು. ಜೇಬಿನಿಂದ ಸೀಮೆಸುಣ್ಣ ತೆಗೆದು, ಬಗ್ಗಿ, ತಗಡಿನ ಮೇಲೆ ಒಂದು ಚೌಕ ಎಳೆದರು. ಪೆಟ್ಟಿಗೆಯ ಅಳತೆಗೆ ಸರಿಯಾಗಿ. ಅದರ ಬಲಗಡೆಯ ಗೆರೆ ಜೆಸ್ಸಿಯ ಕಿರುಬೆರಳಿನ ಉಬ್ಬಿನ ಮೇಲೆ ಹಾದುಹೋಯಿತು.

"ನಾನು ಗೆರೆ ನೋಡ್ದೆ," ಎಂದರು ಈನಿಡ್. "ಎತ್ತೋಕೆ ಗುರುತು ಹಾಕ್ಕೊಂಡಿದಾರೆ ಅನ್ಕೊಂಡೆ. ಇಡೀ ತಗಡು ತಗೊಂಡು ಹೋಗ್ತಾರೆ, ಎರಡನ್ನೂ ಒಟ್ಟಿಗೇ ಇಡ್ತಾರೆ ಅಂತ. ಹೆಂಗೆ ಬೇರೆ ಮಾಡ್ತಾರೆ ಹೇಳು? ಒಬ್ಬರ ಪಾದ ಇನ್ನೊಬ್ಬರು ಕರಗಿಸಲ್ಲ."

ಹೌದು. ಅದು ಚಾವಣಿಯವರ ಪದ್ಧತಿ. ಕೋಟಿನವರಿಗೆ ಅದನ್ನು ಹೇಳಿದವರು ಯಾರು?

ಇಳಿಯುವಾಗ ಪುಲೆನ್ ಕೇಳಿದ, "ಮತ್ತೆ ನಿಮ್ಮ ತುಂಡು ಕತ್ತರಿಸ್ಲಾ ತಾಯಿ?" ಈನಿಡ್ ಅಂದರು, "ಬೇಡಪ್ಪ. ಅವರು ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ. ನನ್ನ ಮನೆ ಗೂಡಲ್ಲಿ ಇಟ್ರೆ ನಾನು ಸತ್ತ ಮೇಲೆ ಯಾರು ನೋಡ್ಕೋತಾರೆ? ಅಲ್ಲೇ ಇರ್ಲಿ, ಬೆಚ್ಚಗೆ."

ಪುಲೆನ್‌ಗೆ ಅರ್ಥವಾದದ್ದು ಇಷ್ಟು: ಅಜ್ಜಿಗೆ ಈಗ ಬೇಡವಂತೆ.

ಸೋಮವಾರ ಈನಿಡ್ ಒಣದ್ರಾಕ್ಷಿ ಬ್ರೆಡ್ಡು ಬೇಯಿಸಿ, ಕೆಲಸದವರಿಗೆ ಕೊಡಲೆಂದು ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ನೀರಿನ ಗೋಪುರದ ಬುಡದಲ್ಲಿ ಚಾವಣಿ ಬೋಳಾಗಿತ್ತು, ಕೆಳಗಿನ ಹಲಗೆ ಕಾಣುತ್ತಿತ್ತು. ಅಂಗಳದಲ್ಲಿ ಕಡಾಯಿ ಕಾಯುತ್ತಿತ್ತು.

"ತಗಡು ಹೋಯ್ತೇನಪ್ಪ?"

"ಶನಿವಾರನೇ ಬಂದು ತಗೊಂಡು ಹೋದ್ರು ಸಾಹೇಬ್ರು, ಸೀಮೆಸುಣ್ಣದ ಗೆರೆ ಹಿಡಿದು ಕತ್ತರಿಸಿ ಕೊಟ್ವಿ."

"ಗೆರೆ ಹಿಡಿದು ಅಂದ್ರೆ?"

ಪುಲೆನ್ ಈನಿಡರ ಮುಖ ನೋಡಿದ. ಆಮೇಲೆ ಕಡಾಯಿ ನೋಡಿದ. ಟೋಪಿ ತೆಗೆದ.

"ಅಯ್ಯೋ ತಾಯಿ. ನೀವೇ ಬೇಡ ಅಂದ್ರಲ್ಲ. ಮಿಕ್ಕಿದ್ದು... ಮಿಕ್ಕಿದ್ದು ಶನಿವಾರ ಸಾಯಂಕಾಲನೇ ಒಳಗೆ ಹೋಯ್ತು. ಒಂದು ಮಾತು ಹೇಳ್ಬಾರದಿತ್ತಾ ಅವರಿಗೆ?"

"ಅವರು ಕೇಳಲಿಲ್ಲಪ್ಪ."

ಅವನು ಸೌಟಿನಿಂದ ಸ್ವಲ್ಪ ಸೀಸ ತೆಗೆದು ತವರದ ಮುಚ್ಚಳದಲ್ಲಿ ಸುರಿದು ಆರಿಸಿದ. ಕೈಯಲ್ಲಿ ಹಿಡಿದು ಬಂದ. "ಇದರಲ್ಲಿ ಎಲ್ಲೋ ಇರುತ್ತೆ, ತಗೊಳ್ಳಿ." ಈನಿಡ್ ಅದನ್ನು ನೋಡಿ, "ಬೇಡ ಕಣಪ್ಪ, ಅದು ಯಾರದ್ದೋ ಏನೋ" ಎಂದು ಬ್ರೆಡ್ಡನ್ನು ಅವನ ಕೈಗಿಟ್ಟು ಬಂದರು. ಬರುವ ದಾರಿಯಲ್ಲಿ ಎಲ್ಲೂ ಕೂರಲಿಲ್ಲ, ಅಳಲಿಲ್ಲ. ಮನೆಗೆ ಬಂದು, ಸೋಮವಾರವಾದ್ದರಿಂದ, ಬಟ್ಟೆ ನೆನೆಸಿದರು.

ತುಂಡು ಈಗಲೂ ನಮ್ಮ ಪಟ್ಟಣದ ವಸ್ತುಸಂಗ್ರಹಾಲಯದ ಮೊದಲ ಅಂತಸ್ತಿನಲ್ಲಿ, ಕಿಟಕಿಯ ಪಕ್ಕದ ಪೆಟ್ಟಿಗೆಯಲ್ಲಿದೆ. ಚೀಟಿಯಲ್ಲಿ ಹೀಗಿದೆ: "ಸರ್ ಜೆರಾರ್ಡ್ ಹ್ಯಾಲ್ಡನ್ ಅವರ ಪಾದದ ಗುರುತು, 1913. ಕೊರೆದವರು ಅಪರಿಚಿತ ಕೆಲಸಗಾರ." ತಗಡಿನ ಬಲ ಅಂಚಿನಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದು ಬಾಗಿದ ಗೆರೆ ಇದೆ. ನೋಡಿದವರು ಗೀರು ಬಿದ್ದಿದೆ ಅಂದುಕೊಳ್ಳುತ್ತಾರೆ.

ಎಂಟೂಮುಕ್ಕಾಲು ವರ್ಷ, ಪ್ರತಿ ಬುಧವಾರ, ಸಂತೆಯ ಬಸ್ಸಿನಲ್ಲಿ ಈನಿಡ್ ಅಲ್ಲಿಗೆ ಹೋದರು. ಪೆಟ್ಟಿಗೆಯ ಬಲಗಡೆ ನಿಲ್ಲುತ್ತಿದ್ದರು, ಮಧ್ಯದಲ್ಲಲ್ಲ. ಕಾವಲುಗಾರ ಹಾಸ್ಯಗಾರ. "ಏನಜ್ಜಿ, ಸರ್ ಜೆರಾರ್ಡ್ ಮೇಲೆ ಅಷ್ಟೊಂದು ಪ್ರೀತಿನಾ? ವಾರವಾರ ದರ್ಶನಕ್ಕೆ ಬರ್ತೀರಿ," ಅನ್ನುತ್ತಿದ್ದ. ಇವರು ನಕ್ಕು, "ಒಳ್ಳೇ ದೊರೆ ಕಣಪ್ಪ," ಅನ್ನುತ್ತಿದ್ದರು.

ಇದನ್ನು ಅವರ ಅಡುಗೆಮನೆಯಲ್ಲಿ ಕೇಳಿ ನಾನು ಸಿಡಿದೆ. "ಯಾಕೆ ಹೇಳಲಿಲ್ಲ ನೀವು? ಅವನಿಗಾದ್ರೂ ಹೇಳಬಹುದಿತ್ತಲ್ಲ?"

"ಅವನೂ ದೊರೆ ವಿಷಯಾನೇ ಕೇಳಿದ್ದು," ಎಂದರು. ಕೆಟಲನ್ನು ಒಲೆಯ ಮೇಲಿಟ್ಟು ನನ್ನತ್ತ ಬೆನ್ನು ಮಾಡಿ ನಿಂತು ಅಂದರು, "ಆ ಒಂದು ಉತ್ತರ ನಾನೇ ಕೊಟ್ಟಿದ್ದು. ನನ್ನ ಬಾಯಿಂದಲೇ. ಅವನ ಹೆಸರು ಬಿಟ್ಟು ದೊರೆ ಹೆಸರು ಹೇಳ್ದೆ. ನಾನೇ ಕರಗಿಸ್ದಂಗೆ ಆಯ್ತಲ್ಲಪ್ಪ."

ಅಲ್ಲ ಎಂದು ನಾನು ಹತ್ತು ಸಲ ಹೇಳಿದೆ. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ. ಹಾಗೇ ಹೋದರು. ಮೂವತ್ತೇಳು ವರ್ಷ ಒಂದು ಗುರುತಿಗಾಗಿ ಕಾದು, ಮಿಕ್ಕ ಒಂಬತ್ತು ವರ್ಷ ಅದನ್ನು ಕಳೆದವಳು ನಾನೇ ಎಂದು ನಂಬಿ. ಮನೆ ಕೊಂಡವರು, ಕೊಟ್ಟವರು, ಓಕ್ ಕಡಿದವರು, ಸೀಮೆಸುಣ್ಣ ಎಳೆದವರು, ಇವರಲ್ಲಿ ಒಬ್ಬರಿಗಾದರೂ ಒಂದು ದಿನ ನಿದ್ದೆ ಕೆಟ್ಟ ಸುದ್ದಿ ನನಗೆ ಬಂದಿಲ್ಲ.

ಅವರ ಮಣ್ಣಾದ ವಾರ ನಾನು ವಸ್ತುಸಂಗ್ರಹಾಲಯಕ್ಕೆ ಪತ್ರ ಬರೆದೆ. ಚೀಟಿಯಲ್ಲಿ ಜೆಸ್ಸಿ ಗ್ರಮಿಟನ ಹೆಸರು ಸೇರಿಸಿ ಎಂದು. ಮೂರು ವಾರದ ಮೇಲೆ ಉತ್ತರ ಬಂತು. ನಿಮ್ಮ ಕಾಳಜಿಗೆ ವಂದನೆ, ಆದರೆ ದಾಖಲೆಯ ಆಧಾರವಿಲ್ಲದೆ ಹೆಸರು ಸೇರಿಸುವ ಕ್ರಮವಿಲ್ಲ. ಸರ್ ಜೆರಾರ್ಡನ ಪಾದಕ್ಕೆ ಏನು ದಾಖಲೆಯಿತ್ತು ಸ್ವಾಮಿ? ಬಟ್ಟೆ ಒಗೆಯುವ ಹೆಂಗಸೊಬ್ಬಳ ಬಾಯಿಮಾತು. ದೊರೆಯ ವಿಷಯದಲ್ಲಿ ಅದು ಸಾಕಾಯಿತು. ಅವಳ ಗಂಡನ ವಿಷಯದಲ್ಲಿ ಸಾಲದು. ಇನ್ನು ಜೆಸ್ಸಿಯ ದಾಖಲೆ, ಅವನ ಕೈಬರಹದ ಎರಡಕ್ಷರ, ವರ್ಷ ಸಮೇತ, ಸೀಸದಲ್ಲೇ ಇತ್ತು. ನೀವು ಗೆರೆಯಾಚೆ ಬಿಟ್ಟಿರಿ.

ಓದುಗರೇ, ಆ ಕಟ್ಟಡ ಬುಧವಾರ ಹತ್ತರಿಂದ ನಾಲ್ಕರವರೆಗೆ ತೆರೆದಿರುತ್ತದೆ, ಒಳಗೆ ಹೋಗಲು ಯಾರ ಅನುಮತಿಯೂ ಬೇಡ. ಹೋಗಿ. ಮೊದಲ ಅಂತಸ್ತಿಗೆ ಹತ್ತಿ ಪೆಟ್ಟಿಗೆಯ ಬಲಗಡೆ ನಿಲ್ಲಿ. ಕಾವಲುಗಾರನನ್ನು ಕರೆಯಿರಿ, ಅಧಿಕಾರಿಯನ್ನು ಕರೆಸಿ, ಅಂಚಿನ ಆ ಬಾಗಿದ ಗೆರೆಗೆ ಬೆರಳಿಟ್ಟು ತೋರಿಸಿ, ಇದು ಯಾರ ಪಾದ ಎಂದು ಕೇಳಿ. ಅವನ ಹೆಸರನ್ನು ಬರೆದುಕೊಡುವವರೆಗೂ ಅಲ್ಲಿಂದ ಕದಲಬೇಡಿ.